ಗುರುತು ಹಾಕದ ಬಟ್ಟೆ

ಹಗಲೆಲ್ಲ ನಾನು ಗೆರೆಗೆ ಕೂಲಿಯಾಳು.
ತೂತು ಹೊಡೆದ ಟ್ರೇಸಿಂಗ್ ಹಾಳೆ,
ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿ,
ಒರೆಸಿದರೆ ರವಿಕೆಯ ಬೆನ್ನಿಗೆ ಇಳಿದು ಕೂರುತ್ತದೆ
ನವಿಲು, ಮಾವಿನಕಾಯಿ, ಮತ್ತೆ ನವಿಲು.
ತೋಳಿಗೆ ಒಂದು ರೇಟು, ಬೆನ್ನಿಗೆ ಒಂದು.
ಸೂಜಿ ಗೆರೆ ಬಿಟ್ಟು ಒಂದೆಳೆ ಆಚೆ ಹೋದರೆ
ಚೌಕಿಪೇಟೆಯ ಅಂಗಡಿಯವರು
ಕನ್ನಡಕ ಮೇಲೇರಿಸಿ ನೋಡುತ್ತಾರೆ,
ಕೂಲಿಯಲ್ಲಿ ಹಿಡಿಯುತ್ತಾರೆ.
ಈ ಸೀಸನ್ನಿಗೆ ನವಿಲು ನೂರಾ ಹನ್ನೆರಡು.
ಒಂದೂ ನನ್ನೆದುರು ಗರಿ ಬಿಚ್ಚಿಲ್ಲ.

ರಾತ್ರಿ, ರೈಲ್ವೆ ಗೇಟು ತೆರೆದು
ಸಿಕ್ಕಿಬಿದ್ದಿದ್ದ ಆಟೋಗಳೆಲ್ಲ ಒಟ್ಟಿಗೆ ಹಾರನ್ ಹೊಡೆದು ಹೋದ ಮೇಲೆ
ಬಿಸ್ಕತ್ತಿನ ಡಬ್ಬಿ ಇಳಿಸುತ್ತೇನೆ.
ಒಳಗೆ ಉಳಿಕೆ ದಾರ,
ಬಿ.ಪಿ. ಗುಳಿಗೆಯ ರಟ್ಟಿಗೆ ಸುತ್ತಿದ್ದು,
ಗೇಣುದ್ದ, ಬೆರಳುದ್ದ, ಕೆಲವು ಉಗುರಿಗೂ ಸಾಲದಷ್ಟು.
ಯಾವುದರಿಂದಲೂ ಒಂದು ಎಲೆ ಮುಗಿಯುವುದಿಲ್ಲ.
ಅದಕ್ಕೇ ನಾನು ಎಲೆ ಮಾಡುವುದಿಲ್ಲ.

ಬಟ್ಟೆ ಮಾವನದು.
ಮಿಲ್ಲು ಬಾಗಿಲು ಹಾಕಿದ ವರ್ಷ
ಬಾಕಿ ಸಂಬಳದ ಬದಲು ಸೈಕಲ್ ಮೇಲೆ ತಂದ ಕೋರಾ ಥಾನು.
ಹಾಸಿಗೆಗೆ ಬಿರುಸು, ಅಂಗಿಗೆ ದಪ್ಪ,
ಇಪ್ಪತ್ತೈದು ವರ್ಷ ಅಟ್ಟದ ಮೇಲೆ ಸುಮ್ಮನಿತ್ತು.
ಈಗ ನನ್ನ ತೊಡೆಯ ಮೇಲಿದೆ.
ಸೀಮೆಸುಣ್ಣ ಇಲ್ಲ, ಹಾಳೆ ಇಲ್ಲ.
ಮೊದಲ ಚುಚ್ಚು ಎಲ್ಲಿ ಅಂತ
ಸೂಜಿಯನ್ನು ಕೇಳಿದರೆ ಅದೂ ನನ್ನನ್ನೇ ನೋಡುತ್ತದೆ.
ಎಲ್ಲೋ ಒಂದು ಕಡೆ ಇಳಿಸುತ್ತೇನೆ.

ಹಸಿರು ನಾಲ್ಕು ಹೊಲಿಗೆಗೆ ತೀರುತ್ತದೆ.
ಕೈಗೆ ಸಿಕ್ಕ ಬದನೆ ಬಣ್ಣ
ಹಸಿರಿಗೆ ಹೆಗಲು ತಾಗಿಸಿ ಸ್ವಲ್ಪ ದೂರ ನಡೆದು
ತಿರುಗಿಕೊಳ್ಳುತ್ತದೆ.
ಯಾಕೆ ಅಂತ ನಾನು ಕೇಳುವುದಿಲ್ಲ.
ಸರಪಳಿ ಬೇಸರವಾದರೆ ಗಂಟು,
ಗಂಟು ಸಾಕಾದರೆ ಬರೀ ಓಟದ ಹೊಲಿಗೆ,
ಹೋದಷ್ಟು ದೂರ.
ಹೆಗಲ ಮೂಳೆಗಳ ನಡುವೆ ದಿನವಿಡೀ ಕೂತಿದ್ದ ಯಾರೋ
ಎದ್ದು ಹೋದ ಹಾಗೆ.

ಹಮೀದಾಬಿ ಬರುತ್ತಾಳೆ ಮಂಡಕ್ಕಿ ಭಟ್ಟಿ ಮುಗಿಸಿ,
ಸೆರಗಿನಲ್ಲಿ ಹೊಟ್ಟಿನ ಹೊಗೆ, ಹುಬ್ಬಿನಲ್ಲಿ ಬೂದಿ.
"ಏನ್ ಕೊಟ್ರಕ್ಕಾ ಇದು?
ಹೂವೂ ಅಲ್ಲ, ಹಕ್ಕೀನೂ ಅಲ್ಲ."
"ಅಲ್ಲ."
"ಮತ್ತೇನು?"
"ಗೊತ್ತಿಲ್ಲ ನೋಡು. ಕುಂತ್ಕ."

ಒಂದು ವಾರ ಕೂತಳು, ನೋಡಿದಳು, ಚಹಾ ಆರಿಸಿಕೊಂಡಳು.
ಎಂಟನೆಯ ರಾತ್ರಿ ಕೈ ಚಾಚಿದಳು.
ಬಿಸಿ ಮರಳಿಗೆ ಪಳಗಿದ ಬೆರಳು;
ಸೂಜಿ ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ,
ಕೋರಾ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡು
"ಈ ದಾರ ಯಾವ್ದು?" ಅಂದಳು.
ಇಬ್ಬರೂ ನಕ್ಕೆವು.
ಆ ಚುಕ್ಕೆಯ ಸುತ್ತ ಬಿಳಿ ಗಂಟು ಹಾಕಿದಳು,
ಒಂದು, ಆರು, ಮೂವತ್ತು,
ಸಾಲಿಲ್ಲ, ಅಳತೆಯಿಲ್ಲ,
ಕೆಲವು ಒಂದರ ಮೈಮೇಲೊಂದು.
ಎಣಿಸಿದ್ದು ನಾನು, ಹಾಳು ಅಭ್ಯಾಸ.
ದಿನವಿಡೀ ಸೇರು ಲೆಕ್ಕ ಒಪ್ಪಿಸುವವಳು
ಎಣಿಸಲಿಲ್ಲ.

ಮೊನ್ನೆ ಮದುವೆ ಮನೆಯ ಹೆಂಗಸು
ರವಿಕೆ ಒಯ್ಯಲು ಬಂದವಳು ಅದನ್ನು ಎತ್ತಿ ಹಿಡಿದಳು.
"ಚೆನ್ನಾಗೈತಲ್ಲ! ಮುಂದಿನ ರವಿಕೆಗೆ ಇದನ್ನೇ ಹಾಕಿಕೊಡಿ,
ಎರಡೂ ತೋಳಿಗೆ, ಒಂದೇ ಥರ."
ಬಟ್ಟೆ ತಿರುವಿ ಹಿಂಭಾಗ ತೋರಿಸಿದೆ:
ಗೋಜಲು, ಬಾಲ, ಅಡ್ಡದಾರಿ.
"ಇದಕ್ಕೆ ಗೆರೆ ಇಲ್ಲಮ್ಮ."
ಅವಳು ನವಿಲಿಗೇ ಒಪ್ಪಿದಳು.
ನೂರಾ ಹದಿಮೂರು.

ನಾಲ್ಕು ದಿನದಿಂದ ಹಮೀದಾಬಿ ಬಂದಿಲ್ಲ.
ಮಗಳ ಬಾಣಂತನ, ಹರಿಹರಕ್ಕೆ ಹೋಗಿದ್ದಾಳೆ.
ಅವಳ ಸೂಜಿ ಬಟ್ಟೆಯ ಮೂಲೆಯಲ್ಲಿ
ಸಿಕ್ಕಿಸಿದಂತೆಯೇ ಇದೆ,
ಬಿಳಿ ದಾರ ಮುಕ್ಕಾಲು ಗೇಣು.
ನನ್ನ ಬದನೆ ಬಣ್ಣ ಅಲ್ಲಿಯವರೆಗೆ ಬಂದು
ಸ್ವಲ್ಪ ಬಳಸಿ ಹೋಗುತ್ತಿದೆ,
ಮಲಗಿದವರ ಕಾಲು ತುಳಿಯದ ಹಾಗೆ.