ಹದಿನೇಳು ನಿಮಿಷ, ಮೊದಲ ಸಲ

ಗ್ದಿನಿಯಾದ ಬೇಕರಿ, ಬೆಳಗಿನ ಜಾವ ಮೂರು.
ಹಿಟ್ಟಿನ ಕೈಯಲ್ಲೇ ಬೊಗುಮಿಲ್ ಫೋನು ಒತ್ತಿದ:
ಒಂಬತ್ತು ವರ್ಷದ ಮೇಲೆ ಬಂದ ಹಾಡು,
ಹದಿನೇಳು ನಿಮಿಷ.

ಮೊದಲ ನಾಲ್ಕು ಬರೀ ಆರ್ಗನ್,
ಬಂದರಿನ ಮಂಜಿನ ಹಾಗೆ ಎತ್ತಲೂ ಹೋಗದು.
“ಮುದುಕರಾದರು” ಅಂದಳು ಯಾದ್ವಿಗಾ,
ಒಲೆಯ ಬಾಗಿಲು ಎಳೆಯುತ್ತ.
ಹಳೆಯ ಡ್ರಮ್ಮರ್ ಇಲ್ಲ. ಯಾರೋ ಹುಡುಗಿ,
ಏಳರ ಲೆಕ್ಕದಲ್ಲಿ ಹೊಡೆಯುತ್ತಾಳೆ,
ಏಳನೆಯದನ್ನು ನುಂಗಿ.
ದನಿ ಒಡೆದಲ್ಲಿ ಒಡೆದ ಹಾಗೇ ಬಿಟ್ಟಿದ್ದಾರೆ,
ತೇಪೆ ಹಾಕಿಲ್ಲ.

ಹಿಡಿಸಿತೇ?
ಬೊಗುಮಿಲ್ ಗಡ್ಡ ಕೆರೆದುಕೊಂಡ, ಗಡ್ಡವೆಲ್ಲ ಹಿಟ್ಟು.
“ಗೊತ್ತಿಲ್ಲ. ಇನ್ನೊಂದು ಸಲ ಹಾಕಲೇ?”
“ಬೇಡ ಮಾರಾಯ!”

ಆಮೇಲೆ ಮಿಕ್ಸರಿನ ಗುರುಗುರು ಒಂದೇ.
ಬೇಡವೆಂದವಳು ಕಣಕ ನಾದುತ್ತಿದ್ದಳು:
ಆರು ಗುದ್ದು, ಒಂದು ಬಿಡುವು,
ಆರು ಗುದ್ದು,

ಏಳು ಗಂಟೆಗೆ ಮೊದಲ ಗಿರಾಕಿ
ಬ್ರೆಡ್ಡು ವಾಪಸು ತಂದ.
ಉಪ್ಪೇ ಇಲ್ಲವಂತೆ.