ಫಹಾಹೀಲಿನ ಚಕ್ಕುಲಿ ಒರಳು

ಇದು ಊರಿನದಲ್ಲ. ಹಿತ್ತಾಳೆ ನೋಡು,
ಬೆಸುಗೆಯ ಗುರುತೇ ಇಲ್ಲ ಎಲ್ಲೂ.
ವಿಮಾನಕ್ಕೆ ಗುರಿಯಿಟ್ಟ ತೋಪಿನ ಖಾಲಿ ಚಿಪ್ಪು;
ಹಾರಿದ್ದು ತಾಗಿತೋ ಇಲ್ಲವೋ,
ಮಾಡಿಕೊಟ್ಟವನಿಗೂ ಗೊತ್ತಿರಲಿಲ್ಲ.

ತೊಂಬತ್ತರ ಅಕ್ಟೋಬರು. ಎದುರಿನ ಶಾಲೆಯಲ್ಲಿ ಇರಾಕಿ ಸೈನಿಕರು.
ಬೀದಿಯಲ್ಲಿ ಉಳಿದದ್ದು ಎರಡೇ ಮನೆ:
ಕೆಳಗೆ ಮಾಲಕಿ ಉಮ್ ಬದರ್ ಮತ್ತು ಮಗ,
ಮೇಲೆ ನಾನು, ನನ್ನವರು,
ಅಂಗಡಿ ಮುಚ್ಚುವ ಮೊದಲು ಹೊತ್ತು ತಂದ ಎರಡು ಚೀಲ ಅಕ್ಕಿಹಿಟ್ಟು.

ಖುದೈರ್ ಅಂತ. ಮೋಸುಲಿನ ಕಂಚುಗಾರರ ಮಗ.
ನೀರು ಕೇಳಲು ಬಂದವನು
ನಾನು ಬೆರಳಲ್ಲಿ ಚಕ್ಕುಲಿ ಸುತ್ತುವುದನ್ನು ನೋಡುತ್ತ ನಿಂತ.
"ಇದಕ್ಕೊಂದು ಯಂತ್ರ ಇಲ್ಲವೇ?"
ಇದೆ, ಊರಲ್ಲಿ. ಹಿಟ್ಟಿನ ಮೇಲೆ ಬರೆದು ತೋರಿಸಿದೆ:
ಕೊಳವೆ, ಹಿಡಿ, ತಳಕ್ಕೆ ನಕ್ಷತ್ರದ ತೂತು.
"ನಕ್ಷತ್ರಕ್ಕೆ ಎಷ್ಟು ಮೂಲೆ?" ಬಲು ಗಂಭೀರ ಅವನು.
ಆರಿರಲಿ ಅಂದೆ.

ಹದಿನೈದು ದಿನ ಶಾಲೆಯ ಕಡೆಯಿಂದ
ಟಕ್ ಟಕ್, ಟಕ್ ಟಕ್.
ಹಿಡಿಗೆ ಬೆಂಚಿನ ಕಾಲು;
ಯಾವುದೋ ಮಗು ಕೊರೆದ ಹೂವು ಇನ್ನೂ ಇದೆ ಅದರಲ್ಲಿ.
ಬಿಲ್ಲೆಯನ್ನು ಹೆಗಲ ಮೇಲಿಟ್ಟುಕೊಂಡು
ಕ್ಯಾಪ್ಟನ್ನನ ಹಾಗೆ ಸೆಟೆದು ನಿಂತು ತೋರಿಸಿದ.
ಅಂಚಿನಲ್ಲಿ ಮೊಳೆಯಿಂದ ಏನೋ ಗೀಚಿದ್ದ.
ನನಗೆ ಅರಬ್ಬಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.
ಕೇಳಿದರೆ ನಕ್ಕ.

ನವೆಂಬರಿನಲ್ಲಿ ಬದರ್‌ನನ್ನು ಒಯ್ದರು.
ಆ ಶಾಲೆಯವರೇ. ಬರಿಗಾಲಲ್ಲಿ.

ಫೆಬ್ರವರಿಯ ಒಂದು ರಾತ್ರಿ ಖುದೈರ್ ಬಾಗಿಲು ಕೆರೆದ.
ಒಂದು ಅಂಗಿ ಬೇಕು, ಒಂದು ಪ್ಯಾಂಟು.
ಕೆಳಗಿನ ಮನೆಗೆ ಕೇಳಿಸದ ಹಾಗೆ
ನನ್ನವರ ನೀಲಿ ಗೀಟಿನ ಅಂಗಿ ಕೊಟ್ಟೆ.
ತೋಳು ಗಿಡ್ಡವಾಯಿತು.
ಆಮೇಲೆ ಬೆಳಗೇ ಆಗಲಿಲ್ಲ. ಎಣ್ಣೆಬಾವಿಗಳು ಹತ್ತಿ
ಹತ್ತು ಗಂಟೆಗೂ ದೀಪ ಹಚ್ಚಿಕೊಂಡೆವು.
ಬಸ್ರಾ ರಸ್ತೆಯಲ್ಲಿ ಸುಟ್ಟವರ ಸುದ್ದಿ ಬಂತು.
ನೀಲಿ ಗೀಟಿನ ಸುದ್ದಿ ಬರಲಿಲ್ಲ.
ಬದರ್‌ನದೂ.

ಆ ವರ್ಷದ ಅಷ್ಟಮಿಗೆ ಒರಳು ಹೊರಗೆ ತೆಗೆದೆ.
ಉಮ್ ಬದರ್ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಕೂತಳು,
ಬಿಸಿಯಾದ್ದೊಂದು ಮುರಿದು ಬಾಯಿಗಿಟ್ಟಳು.
"ಎಲ್ಲಿಯದು ಇದು?"
ಊರಿನದು, ಕುಂದಾಪುರ ಸಂತೆಯದು, ಅಂದೆ
ಬಾಣಲೆಯ ಕಡೆ ತಿರುಗಿ.

ಒರಳನ್ನು ಬೋರಲು ಹಾಕಿದಳು.
ಬಲದಿಂದ ಎಡಕ್ಕೆ ಬೆರಳು ನಿಧಾನ ಸಾಗಿತು,
ಒಂದು ಕಡೆ ನಿಂತಿತು,
ಮತ್ತೆ ಸಾಗಿತು.
ಎಣ್ಣೆಯಲ್ಲಿದ್ದವು ಕಪ್ಪಾದವು.

ಅಬಾಯದ ತೋಳಿನಿಂದ ಅಂಚು ಒರೆಸಿ
ನನ್ನ ಮುಂದಿಟ್ಟು,
"ಉಪ್ಪು ಸ್ವಲ್ಪ ಕಡಿಮೆ," ಅಂದಳು.