ಶುಕ್ರವಾರದ ಬೆನ್ನು

ಸೋಮವಾರ ಅಂಟಿಸಿದ್ದೆ: ಬೆನ್ನೆಲುಬಿನ ಆಚೀಚೆ
ಕಡಲೆಬೇಳೆಯಗಲದ ಬಟ್ಟಲುಗಳ ಸಾಲು,
ಒಂದೊಂದರಲ್ಲೂ ಒಂದೊಂದು ಅನುಮಾನ:
ನಿಕ್ಕಲ್, ರಾಳ, ಫಾರ್ಮಾಲ್ಡಿಹೈಡ್,
ಲಿಲ್ಲಿ ಹೂವನ್ನೇ ಕಾಣದ ಲಿಲ್ಲಿಯ ಘಮ.
ಮೂಲೆಗೆ ನೇರಳೆ ಶಾಯಿಯ ಗುರುತು, ಮೇಲೊಂದು ಪಟ್ಟಿ.
“ಶುಕ್ರವಾರದ ತನಕ ಬೆನ್ನಿಗೆ ನೀರು ಸೋಕಬಾರದು” ಎಂದೆ.
ಬೊಗುಮಿವಾ ನಕ್ಕಳು:
“ಇಪ್ಪತ್ತೆರಡು ವರ್ಷ ನೀರಲ್ಲೇ ನಿಂತವಳಿಗೆ
ಹೇಳುವ ಮಾತೇ ಇದು, ಸಿಸ್ಟರ್?”

ಕೈ ಮಾತ್ರ ಕೋಟಿನ ಜೇಬಲ್ಲೇ ಇತ್ತು.
ಕೇಳಿದ ಮೇಲೆ ತೆಗೆದಳು, ಬೇರೆ ಯಾರದೋ ಸಾಮಾನು ತೋರಿಸುವಂತೆ:
ಬೆರಳ ಸಂದಿಯಲ್ಲಿ ಸೀಳು, ಗೆಣ್ಣಿನ ಮೇಲೆ ಹೊಪ್ಪಳೆ.
ಉಂಗುರ ಬಿಚ್ಚಿ ಸರಕ್ಕೆ ಪೋಣಿಸಿಕೊಂಡು ಆಗಲೇ ವರ್ಷ.

ಇದು ವೂಚ್. ಒಂದು ಕಾಲಕ್ಕೆ ಊರಿಗೆ ಊರೇ ನೂಲುತ್ತಿತ್ತು.
ಅವಳ ತಾಯಿ ಬಣ್ಣದ ಗಿರಣಿಯಲ್ಲಿ ದುಡಿದವಳು;
ಭಾನುವಾರ ಇಗರ್ಜಿಗೂ ನೀಲಿ ಕೈಯಲ್ಲೇ ಹೋಗುತ್ತಿದ್ದಳಂತೆ.
“ನನ್ನ ಮಗಳಿಗೆ ಸ್ವಚ್ಛ ಕೆಲಸ ಸಿಗಲಿ” ಎಂದು
ಮೊರೆಯಿಟ್ಟಳಂತೆ. ಸಿಕ್ಕಿತು.
ನೊರೆಗಿಂತ ಸ್ವಚ್ಛ ಇನ್ನೇನಿದೆ?
ದಿನಕ್ಕೆ ಹದಿನಾಲ್ಕು ತಲೆ, ಎರಡೆರಡು ಸಲ.
ಲೆಕ್ಕ ಹಾಕಿದೆ, ಎಂಬತ್ತಾರು ಸಾವಿರ ತಲೆ ದಾಟಿತು.
ಅಷ್ಟು ಜನ ಕಣ್ಣು ಮುಚ್ಚಿ, ಕತ್ತು ಹಿಂದೆ ವಾಲಿಸಿ
ಅವಳ ಬೊಗಸೆಗೆ ತಲೆ ಒಪ್ಪಿಸಿದ್ದರು.

ಚೀಲದಿಂದ ಬಾಟಲಿ ತೆಗೆದು ಮೇಜಿಗಿಟ್ಟಳು.
ಮುಂದೆ ಹಸಿರೆಲೆ, ಕೊಬ್ಬಿದ ಅಕ್ಷರ: ಪ್ಯಾರಾಬೆನ್ ಇಲ್ಲ.
“ಇದನ್ನು ನೋಡಿಯೇ ತರಿಸಿದ್ದು.”
ಹಿಂದೆ, ಇರುವೆ ಸಾಲಿನ ಕೊನೆಯ ಇರುವೆ:
ಮೀಥೈಲ್ ಐಸೊಥಯಾಜೋಲಿನೋನ್.
ಉಗುರಿಟ್ಟು ತೋರಿಸಿದೆ. ನಾನೂ ಕನ್ನಡಕ ಏರಿಸಬೇಕಾಯಿತು.

ಹೇಗೆ ಹೇಳಲಿ? ಶಾಂಪೂ ಎಂದರೆ ಬಹುಪಾಲು ನೀರು;
ನೀರಿದ್ದಲ್ಲಿ ಬೂಷ್ಟು ಹೊಂಚುತ್ತದೆ;
ಬಾಗಿಲಿಗೊಬ್ಬ ಕಾವಲುಗಾರ ಬೇಕೇ ಬೇಕು.
ಹಳೆಯವನ ಮೇಲೆ ಊರಿಗೆ ಸಂಶಯ ಬಂತು,
ಅಪರಾಧ ಸಾಬೀತಾಗುವ ಮುಂಚೆಯೇ ಕೆಲಸ ಬಿಡಿಸಿದರು.
ಹೊಸಬ ಬಂದ. ಚುರುಕು. ಒಂದು ಹನಿ ಸಾಕು.
ಮನೆಯವರಲ್ಲೇ ಕೆಲವರನ್ನು ಕಚ್ಚತೊಡಗಿದ.
ಆಮೇಲೆ ಕಾನೂನು ಬಂತು, ಪ್ರಮಾಣ ಇಳಿಯಿತು,
ಎಲ್ಲರೂ ಕೈ ತೊಳೆದುಕೊಂಡರು,
ತೊಳೆಯುವುದೇ ಕಸುಬಾದವಳೊಬ್ಬಳನ್ನು ಬಿಟ್ಟು.

ತನ್ನ ಬೆನ್ನು ತನಗೆ ಕಾಣದು.
ಬುಧವಾರ ಪಟ್ಟಿ ಕಿತ್ತೆ; ಇವತ್ತು ಅವಳ ಪರವಾಗಿ ಓದುತ್ತೇನೆ.
ಮೊದಲ ಸಾಲು ಖಾಲಿ. ಎರಡನೆಯದೂ ಖಾಲಿ.
ಲಿಲ್ಲಿ ನಿರಪರಾಧಿ.
ಇಪ್ಪತ್ತೇಳನೆಯ ಮನೆಯಲ್ಲಿ ಕೆಂಪು ಎದ್ದಿದೆ,
ಬೆರಳಾಡಿಸಿದರೆ ರವೆಯಂತೆ ತರಿತರಿ.
ಎರಡು ಕೂಡುವ ಚಿಹ್ನೆ ಬರೆದೆ.

ಮೊದಲು ಕೇಳಿದ್ದು ತನ್ನ ಕೈಯ ಬಗ್ಗೆ ಅಲ್ಲ:
“ಹಾಗಾದರೆ ನಾನು ತೊಳೆದ ತಲೆಗಳು?”
“ಬಹಳ ಮಂದಿಗೆ ಏನೂ ಆಗಿರುವುದಿಲ್ಲ. ಅವರಿಗೆ ಎರಡು ನಿಮಿಷ,
ನಿಮಗೆ ಇಡೀ ದಿನ.”
ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಸುಮ್ಮನಿದ್ದಳು.

ಕೂದಲಲ್ಲಿ ಏನೋ ಹಳದಿ ಚೂರು. ತೆಗೆಯಹೋದೆ.
“ಮೊಟ್ಟೆ,” ಎಂದಳು. “ವಿತೋಲ್ಡ್‌ನ ಕೆಲಸ.”
ಟ್ರಾಮ್ ಓಡಿಸುವ ಗಂಡ. ನಿನ್ನೆ ರಾತ್ರಿ
ತೊಟ್ಟಿಯ ಅಂಚಿಗೆ ಇವಳ ಹಣೆ ಊರಿಸಿ, ಬೆನ್ನಿಗೆ ಟವೆಲ್ ಹೊದಿಸಿ,
ಲೋಳೆ ತಿಕ್ಕಿ, ಕುದಿಯುವಂಥ ನೀರು ಸುರಿದಿದ್ದಾನೆ;
ತಲೆಯ ಮೇಲೆಯೇ ಬೆಂದುಹೋಗಿದೆ.
“ಬೆರಳು ಹೇಗಿಡಬೇಕೆಂದೂ ತಿಳಿಯದು ಪುಣ್ಯಾತ್ಮನಿಗೆ.
ಕಿವಿಯೊಳಗೆಲ್ಲ ನೀರು.”
ನಗುತ್ತಲೇ ಇದ್ದಳು, ಆ ಕೈಗಳಿಂದ ಮುಖ ಮುಚ್ಚಿಕೊಂಡು,
ಎಷ್ಟೋ ಹೊತ್ತು.

ರಾತ್ರಿ ಮನೆಯಲ್ಲಿ ನನ್ನ ಬಾಟಲಿ ತಿರುಗಿಸಿದೆ.
ಕೊನೆಯ ಇರುವೆ ಅಲ್ಲೂ ಇತ್ತು.
ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತೆ.
ಆಮೇಲೆ ತಲೆಗೆ ಹಾಕಿಕೊಂಡೆ, ಎರಡು ನಿಮಿಷ,
ಲೆಕ್ಕ ಇಟ್ಟು.